ಭಾವ ಬರಬೇಕು

ನಮ್ಮ ಯಜಮಾನರಿಗೆ ಊರಿನವರು ಇಟ್ಟ ಹೆಸರು ‘ನಗಬೇಡಿ ಸಾರ್’. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿದೆ, ಆದರೆ ಅದು ಕರೆಂಟ್ ಬಿಲ್ಲಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಇಪ್ಪತ್ತೆರಡು ವರ್ಷದಿಂದ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವುದೇ ಅವರ ಕಸುಬು. ಒಂದು ಬಿಳಿ ಪರದೆ, ಒಂದು ಸ್ಟೂಲು, ಎರಡು ದೀಪ. ಗಿರಾಕಿ ಬಂದು ಕೂತ ಕೂಡಲೇ ಮಂತ್ರ ಶುರು: “ಗದ್ದ ಸ್ವಲ್ಪ ಕೆಳಗೆ. ಎರಡೂ ಕಿವಿ ಕಾಣಬೇಕು. ನಗಬೇಡಿ.” ಫೋಟೋಗಳನ್ನು ಎಂಟೆಂಟಾಗಿ ಕತ್ತರಿಸಿ ಲಕೋಟೆಗೆ ಹಾಕುವುದು ನನ್ನ ಕೆಲಸ. ಒಂದು ಸಲ ಯಾರೋ ಧೈರ್ಯ ಮಾಡಿ ಇವರನ್ನು ಮದುವೆಗೆ ಕರೆದಿದ್ದರು. ಆಮೇಲೆ ಆಲ್ಬಂ ನೋಡಿದರೆ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಎಲ್ಲರೂ ಯಾವುದೋ ಕಳ್ಳತನದ ಕೇಸಿನಲ್ಲಿ ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು. ಕಿವಿಗಳು ಮಾತ್ರ ಒಂದೂ ತಪ್ಪಿರಲಿಲ್ಲ.

ಇಷ್ಟಾದರೂ ಅಂಗಡಿಯ ಬೋರ್ಡಿನ ಮೇಲೆ ಇವರು ಬರೆಸಿದ್ದು ‘ಇಲ್ಲಿ ಭಾವಚಿತ್ರ ತೆಗೆಯಲಾಗುವುದು’ ಅಂತ. ‘ಫೋಟೋ’ ಅಂತ ಬರೆಸಿದರೆ ಗೌರವ ಇಲ್ಲವಂತೆ. ಆ ಗೌರವ ಎಲ್ಲಿಗೆ ತಂದು ನಿಲ್ಲಿಸಿತು ಅನ್ನುವುದನ್ನೇ ಈಗ ಹೇಳಹೊರಟಿದ್ದೇನೆ.

ನಮ್ಮ ಅಂಗಡಿಗೂ ಟೈಲರಕ್ಕನ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ. ನಿಜ ಹೇಳಬೇಕೆಂದರೆ ಎರಡೂ ಅವಳದೇ ಅಂಗಡಿ. ನಾಲ್ಕು ವರ್ಷದ ಹಿಂದೆ ನಮ್ಮ ಹಳೇ ಸ್ಟುಡಿಯೋದ ಸೂರು ಕುಸಿದು ನಾವು ಸ್ಟೂಲು, ಪರದೆ ಹಿಡಿದುಕೊಂಡು ಬೀದಿಯಲ್ಲಿ ನಿಂತಿದ್ದಾಗ, ಅವಳು ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು, “ನನಗೆ ಇಷ್ಟು ಜಾಗ ಯಾಕೆ? ಬನ್ನಿ ಒಳಗೆ,” ಅಂದವಳು. ಅಂಗಡಿಯ ಅರ್ಧವನ್ನು ಅವತ್ತು ಸಂಜೆಯೊಳಗೆ ಖಾಲಿ ಮಾಡಿಕೊಟ್ಟಳು. ಈ ಉಪಕಾರಕ್ಕೆ ನಾವು ಏನು ಮಾಡಿದರೂ ಕಡಿಮೆಯೇ. ಹಾಗಾಗಿ ಅವಳು ಮೊದಲ ಸಲ ನಮ್ಮನ್ನು ಒಂದು ಕೆಲಸ ಕೇಳಿದಾಗ ಇವರು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಒಪ್ಪಿಕೊಂಡರು. ಪೂರ್ತಿ ಕೇಳಿಸಿಕೊಂಡ ಮೇಲೂ ಅರ್ಥ ಮಾಡಿಕೊಳ್ಳಲಿಲ್ಲ, ಅದು ಬೇರೆ ಮಾತು.

ವಿಷಯ ಇಷ್ಟು. ಟೈಲರಕ್ಕನ ಅಮ್ಮನಿಗೆ ಎಂಬತ್ತಾರು. ನಾವೆಲ್ಲ ಅಜ್ಜಿ ಅಂತ ಕರೆಯುತ್ತೇವೆ. ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಬೇಗ ಆಗಬೇಕು, ತಡವಾದರೆ ಮತ್ತೆ ಎದ್ದು ಕೂರುವ ಮಾತೇ ಇಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು. ಅಜ್ಜಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. “ನನ್ನ ಇಬ್ಬರು ಮಕ್ಕಳು ಒಂದಾಗ್ಲಿ. ಆಮೇಲೆ ಎಲ್ಲಿ ಬೇಕಾದ್ರೂ ಕುಯ್ಯಿ,” ಅಂತ ಡಾಕ್ಟರಿಗೇ ಹೇಳಿಬಿಟ್ಟಿದ್ದರು.

ದೊಡ್ಡ ಮಗಳು ಇರುವುದು ಸಮುದ್ರದಾಚೆ. ಅಪ್ಪ ತೀರಿಕೊಂಡಾಗ ಅವಳಿಗೆ ಹೊತ್ತಿಗೆ ಸರಿಯಾಗಿ ಬರಲಾಗಲಿಲ್ಲ. ಚಿಕ್ಕವಳು, ಅಂದರೆ ನಮ್ಮ ಟೈಲರಕ್ಕ, ಸಿಟ್ಟಿನಲ್ಲಿ ಫೋನಿನಲ್ಲಿ, “ಇನ್ನು ನೀನು ಬರೋದೇ ಬೇಡ,” ಅಂದಳು. ದೊಡ್ಡವಳು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಹತ್ತೊಂಬತ್ತು ವರ್ಷ! ಒಬ್ಬರಿಗೊಬ್ಬರು ಮಾತಿಲ್ಲ. ಏನಿದ್ದರೂ ಅಜ್ಜಿಯ ಮೂಲಕ. “ಅವಳಿಗೆ ಹೇಳಮ್ಮ,” “ಅವಳನ್ನ ಕೇಳಮ್ಮ.” ಅಜ್ಜಿಯನ್ನು ಸಮಾಧಾನ ಮಾಡಲು ಆಗಾಗ “ಮಾತಾಡಿದೆ ಅಮ್ಮ, ಚೆನ್ನಾಗಿದಾಳೆ” ಅಂತ ಸುಳ್ಳು ಬೇರೆ. ಒಂದು ಸಲ ಟೈಲರಕ್ಕ, “ಈಗಷ್ಟೇ ಅಕ್ಕನ ಹತ್ರ ಅರ್ಧ ಗಂಟೆ ಮಾತಾಡಿದೆ,” ಅಂದು ಸಿಕ್ಕಿಬಿದ್ದಳು. ಆ ವಾರವಿಡೀ ದೊಡ್ಡವಳಿಗೆ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ ಅನ್ನುವುದು ಅಳಿಯನಿಂದ ಅಜ್ಜಿಗೆ ಮೊದಲೇ ಗೊತ್ತಾಗಿತ್ತು.

ಅಮ್ಮ ಬಿದ್ದ ಸುದ್ದಿ ಕೇಳಿ ದೊಡ್ಡವಳು ಹೊರಟೇಬಿಟ್ಟಳು. ಆದರೆ ಅಜ್ಜಿ ಬಗ್ಗಲಿಲ್ಲ. “ನನ್ನ ಮುಂದೆ ಇಬ್ಬರೂ ನಾಟಕದವರು. ಇಲ್ಲಿ ಬಂದು ತಬ್ಬಿಕೊಂಡರೆ ನಾನು ನಂಬೋಳಲ್ಲ. ವಿಮಾನ ನಿಲ್ದಾಣದಲ್ಲಿ, ನಾನಿಲ್ಲದ ಕಡೆ, ಏನಾಯ್ತು ಅಂತ ನೋಡಬೇಕು. ಫೋಟೋ ತೆಗೆಸಿ ತನ್ನಿ.”

ಹೀಗೆ ಒಂದು ಮುದಿ ಜೀವದ ಸೊಂಟ ನಮ್ಮ ಯಜಮಾನರ ಕ್ಯಾಮೆರಾದ ಮೇಲೆ ನಿಂತಿತು.

ಟೈಲರಕ್ಕ ಹಲಗೆ ಗೋಡೆಯ ಆಚೆಯಿಂದ ಬಂದು ಎಲ್ಲ ವಿವರಿಸಿದಳು. “ನೋಡಿ, ನೀವು ಯಾವಾಗಲೂ ತೆಗೆಯೋ ಥರ ಬೇಡ. ನಿಮ್ಮ ಬೋರ್ಡಿನಲ್ಲೇ ಬರೆದಿದೀರಲ್ಲ, ಹಾಗೆ. ನಮ್ಮಿಬ್ಬರ ಮುಖ ಸರಿಯಾಗಿ ಬರದಿದ್ರೂ ಚಿಂತೆ ಇಲ್ಲ. ಭಾವ ಬರಬೇಕು.”

“ಭಾವ,” ಅಂದರು ಇವರು, ತೂಕವಾಗಿ ತಲೆಯಾಡಿಸುತ್ತಾ.

“ಫೋಟೋ ತುಂಬಾ ಭಾವ ಇರಬೇಕು. ಅಮ್ಮನಿಗೆ ಬೇಕಾಗಿರೋದು ಅಷ್ಟೇ.”

“ಮುಂಚೆನೇ ಹೇಳಿ, ಒಂದು ಕಡೆ ನಿಲ್ಲಿಸಿಕೊಂಡು...”

“ಅಯ್ಯೋ, ಭಾವ ಅಂದ್ರೆ ಹೇಳಿ ಬರಿಸೋಕಾಗುತ್ತಾ? ಸುಮ್ನೆ ಕಾಯ್ತಾ ಇರಿ. ಬಂದ ತಕ್ಷಣ ಹಿಡಿದುಬಿಡಿ!”

ನಾನು ಕತ್ತರಿ ಹಿಡಿದು ಯಾರದೋ ಎಂಟು ತಲೆಗಳನ್ನು ಬೇರ್ಪಡಿಸುತ್ತಾ ಅಲ್ಲೇ ಕೂತಿದ್ದೆ. ನನಗೆ ಎಲ್ಲ ಸರಿಯಾಗಿಯೇ ಅರ್ಥವಾಯಿತು. ಪಾಪ, ಅವಳು ಹೇಳಿದ್ದು ಮನಸ್ಸಿನ ಭಾವ. ಆದರೆ ದೊಡ್ಡಕ್ಕನ ಜೊತೆಗೆ ಅವಳ ಗಂಡನೂ ಬರುವವರಿದ್ದರಲ್ಲ, ಅವರು ಟೈಲರಕ್ಕನಿಗೆ ಭಾವ! ಆ ಎರಡಕ್ಷರ ಇವರ ಕಿವಿಯೊಳಗೆ ಹೋಗಿ, ಪ್ಯಾಂಟು ತೊಟ್ಟು, ಮೀಸೆ ಬಿಟ್ಟು, ಆಳೆತ್ತರ ನಿಂತುಬಿಟ್ಟಿತ್ತು ಅಂತ ನನಗೇನು ಕನಸು ಬಿದ್ದಿತ್ತಾ? ಮರುದಿನ ಇವರು ಟೈಲರಕ್ಕನ ಗೋಡೆಯ ಮೇಲಿದ್ದ ದೊಡ್ಡಕ್ಕನ ಮೂವತ್ತು ವರ್ಷದ ಹಿಂದಿನ ಮದುವೆ ಫೋಟೋದ ಮುಂದೆ ಕಾಲು ಗಂಟೆ ನಿಂತು ಭಾವನ ಮೀಸೆಯನ್ನೇ ನೋಡುತ್ತಿದ್ದಾಗಲೂ, ಹಳೇ ಕಾಲದ ಫೋಟೋಗಾರನ ಕೆಲಸ ನೋಡಿ ಕಲಿಯುತ್ತಿದ್ದಾರೆ ಅಂತ ನಾನು ಹೆಮ್ಮೆಪಟ್ಟೆ.

ಬೆಳಗ್ಗೆ ಹನ್ನೊಂದಕ್ಕೆ ವಿಮಾನ. ಟೈಲರಕ್ಕ ತಾನೇ ಹೊಲಿದ ಬೂದು ಕೋಟು ಹಾಕಿಕೊಂಡು ಬಂದಿದ್ದಳು. ಇವರು ಇಸ್ತ್ರಿ ಮಾಡಿದ ಶರಟು, ಕೊರಳಲ್ಲಿ ಕ್ಯಾಮೆರಾ, ಕಂಕುಳಲ್ಲಿ ಸುರುಳಿ ಸುತ್ತಿದ ಬಿಳಿ ಪರದೆ.

“ಪರದೆ ಯಾಕ್ರೀ?” ಅಂದೆ.

“ಹಿನ್ನೆಲೆ ಇಲ್ಲದ ಫೋಟೋ ನಾನು ಜೀವಮಾನದಲ್ಲಿ ತೆಗೆದಿಲ್ಲ ಕಣೇ. ಹಿಂದೆ ಬಯಲಿದ್ರೆ ಕೈಯೇ ಓಡಲ್ಲ ನನಗೆ. ಎರಡು ತುದಿ ಹಿಡಿದು ಹಿಂದೆ ನಿಂತ್ಕೋ, ಸಾಕು.”

ಪ್ರಯಾಣಿಕರು ಹೊರಬರುವ ಬಾಗಿಲಿನ ಎದುರು ಕಬ್ಬಿಣದ ಅಡ್ಡಗಟ್ಟೆ. ಟೈಲರಕ್ಕ ಅದಕ್ಕೆ ಒತ್ತಿಕೊಂಡು ಮುಂದೆ ನಿಂತಳು. ನಾನು ಒಂದು ಪಕ್ಕದಲ್ಲಿ ಎರಡೂ ಕೈ ಮೇಲೆತ್ತಿ ಪರದೆ ಹಿಡಿದು ಅದರ ಹಿಂದೆ ಮರೆಯಾದೆ. ನನಗೆ ಕಾಣುತ್ತಿದ್ದದ್ದು ಬಿಳಿ ಬಟ್ಟೆ, ಕೆಳಗಡೆ ಜನರ ಚಪ್ಪಲಿ, ಬೂಟು. ಕಿವಿಗೆ ಬಿದ್ದದ್ದು ಇದು:

“ಭಾವ! ಭಾವ! ಒಂದ್ನಿಮಿಷ ಹೀಗ್ ಬನ್ನಿ!”

“ಯಾರಪ್ಪಾ ನೀನು? ತೋಳು ಬಿಡು!”

“ಟೈಲರಕ್ಕನ ಭಾವ ತಾನೇ ನೀವು? ಮೀಸೆ ನೋಡೇ ಗೊತ್ತಾಯ್ತು.”

“ಯಾವ ಟೈಲರಕ್ಕ?”

ಹಿಂದಿನಿಂದ ಒಂದು ಹೆಣ್ಣು ದನಿ, ಚಾಕುವಿನಷ್ಟು ಹರಿತ: “ನಾನೂ ಅದನ್ನೇ ಕೇಳ್ತಾ ಇದೀನಿ. ಯಾವ ಟೈಲರಕ್ಕ?”

“ನನಗೇನೇ ಗೊತ್ತು? ಈ ಮನುಷ್ಯ ಯಾರೋ...”

“ಮೀಸೆ ನೋಡಿ ಗುರುತು ಹಿಡಿಯೋಷ್ಟು ಪರಿಚಯ! ಹೆಸರು ಹೇಳಿ ಕಳಿಸಿದಾಳೆ! ಆಫೀಸಿನ ಕೆಲಸ ಅಂತ ಊರೂರು ಸುತ್ತೋದು ಇದಕ್ಕೇನಾ?”

ದೊಡ್ಡಕ್ಕನನ್ನು ಬೇಗ ಗುರುತು ಹಿಡಿಯಲು ಅವಳ ಗಂಡನನ್ನು ಹುಡುಕುತ್ತಿದ್ದಾರೆ ಅಂದುಕೊಂಡು ನಾನು ಪರದೆಯ ಹಿಂದೆಯೇ ಹಲ್ಲು ಕಚ್ಚಿ ನಿಂತೆ. ಆ ಸಂಸಾರದ ಕೂಗಾಟ ದೂರ ದೂರ ಹೋಯಿತು. ಅದರ ಬೆನ್ನಿಗೇ ಪರದೆಯ ಕೆಳಗೆ ಪಾಲಿಶ್ ಮಾಡಿದ ಕಪ್ಪು ಬೂಟುಗಳು ಬಂದು ನಿಂತವು. ನಿಲ್ದಾಣದ ಭದ್ರತಾ ಅಧಿಕಾರಿ, ಹೆಂಗಸು.

“ಏನ್ರೀ ಇದು ಬ್ಯಾನರು? ಏನೂ ಬರೆದೇ ಇಲ್ಲ?”

“ಬ್ಯಾನರಲ್ಲ ಮೇಡಂ, ಹಿನ್ನೆಲೆ,” ಅಂದರು ಇವರು.

“ಯಾರ ಹಿನ್ನೆಲೆ?”

“ಭಾವನ ಹಿನ್ನೆಲೆ.”

“ಏನಿದೆ ಅವರ ಹಿನ್ನೆಲೆ?”

“ಬಿಳೀದು ಮೇಡಂ. ಒಂದು ಕಲೆ ಇಲ್ಲ. ನಿನ್ನೆ ತಾನೇ ಒಗೆದಿದ್ದು.”

ಬೂಟುಗಳು ಒಂದು ಹೆಜ್ಜೆ ಹತ್ತಿರ ಬಂದವು. “ಅವರು ನಿಮಗೇನಾಗಬೇಕು?”

“ನನಗೇನೂ ಆಗಬೇಕಿಲ್ಲ.”

“ಅವರನ್ನ ಮುಂಚೆ ನೋಡಿದೀರಾ?”

“ಗೋಡೆ ಮೇಲೆ ನೋಡಿದೀನಿ.”

“ಗೊತ್ತಿಲ್ಲದ ಮನುಷ್ಯನ್ನ ಗೋಡೆ ಮೇಲೆ ನೋಡಿ, ಇಲ್ಲಿ ಹಿಡಿಯೋಕೆ ಬಂದಿದೀರಿ. ಪರದೆ ಹಿಂದೆ ಯಾರಿದಾರೆ?”

“ನನ್ನ ಹೆಂಡ್ತಿ.”

“ಬಚ್ಚಿಟ್ಟಿದೀರಾ?”

ನಾನು ಪರದೆಯ ಮೇಲಿಂದ ಕತ್ತು ಚಾಚಿ ನಮಸ್ಕಾರ ಅಂದೆ. ಅಜ್ಜಿಯ ಸೊಂಟದಿಂದ ಶುರು ಮಾಡಿ ಹತ್ತೊಂಬತ್ತು ವರ್ಷದ ಕತೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಆ ಮಹಾತಾಯಿಗೆ ದೇವರು ಒಳ್ಳೆಯದು ಮಾಡಲಿ. ನಮ್ಮನ್ನು ಹೊರಗೆ ದಬ್ಬುವುದು ಅವರ ಕೈಯಲ್ಲೇ ಇತ್ತು. ದಬ್ಬಲಿಲ್ಲ. “ಸರಿ, ನಾನೂ ಇಲ್ಲೇ ನಿಂತಿರ್ತೀನಿ. ಇನ್ನೊಬ್ಬರ ತೋಳು ಮುಟ್ಟಿದ್ರೆ ಇಬ್ಬರನ್ನೂ ಒಳಗೆ ಕೂರಿಸ್ತೀನಿ,” ಅಂತ ನನ್ನ ಪಕ್ಕಕ್ಕೇ ಬಂದು ನಿಂತರು. ನನ್ನ ಕೈ ಸೋತಿತ್ತೆಂದು ಪರದೆಯ ಒಂದು ತುದಿಯನ್ನು ಅವರೇ ಹಿಡಿದುಕೊಂಡರು ಕೂಡ.

ಆಗ ಬಂದಳು ದೊಡ್ಡಕ್ಕ.

ನಾನು ಪರದೆಯ ಅಂಚಿನಿಂದ ಇಣುಕಿದೆ. ತಳ್ಳುಗಾಡಿಯ ಮೇಲೆ ಎರಡು ಸೂಟ್‌ಕೇಸು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹಿಂದೆ ಅವಳ ಗಂಡ. ಅಡ್ಡಗಟ್ಟೆ ದಾಟಿ ಬಂದವಳು ಟೈಲರಕ್ಕನನ್ನು ಕಂಡು ನಾಲ್ಕು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಳು. ಇವಳೂ ಅಲ್ಲಾಡಲಿಲ್ಲ. ‘ಅಯ್ಯೋ, ಇಲ್ಲಿಗೆ ಬಂದೂ ಹೀಗೆ ನಿಂತರೆ ಅಜ್ಜಿಯ ಗತಿ ಏನಪ್ಪಾ’ ಅಂದುಕೊಂಡೆ.

ಕೊನೆಗೆ ದೊಡ್ಡಕ್ಕನೇ ಬಾಯಿ ಬಿಟ್ಟಳು. “ಕೋಟು ನೀನೇ ಹೊಲಿದಿದ್ದಾ?”

“ಹೂಂ.”

“ಕಾಲರು ಚೆನ್ನಾಗಿ ಕೂತಿದೆ.”

ಅಷ್ಟೇ. ಟೈಲರಕ್ಕನ ಬಾಯಿಂದ ‘ಅಕ್ಕಾ’ ಅನ್ನುವುದು ಅರ್ಧ ಬಂತು, ಉಳಿದರ್ಧ ಅಳುವಾಯಿತು. ಇಬ್ಬರೂ ಓಡಿದರು, ತಬ್ಬಿಕೊಂಡರು, ಅಲ್ಲೇ ನೆಲದ ಮೇಲೆ ಕುಸಿದು ಕೂತರು. ತಳ್ಳುಗಾಡಿ ತನ್ನ ಪಾಡಿಗೆ ಉರುಳಿಕೊಂಡು ಹೋಗಿ ಕಾಫಿ ಮಾರುವವನ ಮೇಜಿಗೆ ಗುದ್ದಿತು. ಅವನೂ ಬೈಯಲಿಲ್ಲ, ಅವನೂ ಅಳುತ್ತಿದ್ದ. ನಾನು ಪರದೆಯ ಈ ತುದಿಯಲ್ಲಿ ಮೂಗು ಒರೆಸಿಕೊಂಡರೆ ಅಧಿಕಾರಿ ಆ ತುದಿಯಲ್ಲಿ ಕಣ್ಣು ಒರೆಸಿಕೊಂಡರು. ಬೇರೆಯವರ ಮನೆಯ ಸುಖ ನೋಡಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಪರದೆಯ ಆಚೆ, ನನಗೆ ಕಾಣದ ಕಡೆ, ಕ್ಯಾಮೆರಾ ಕಚಕ್ ಕಚಕ್ ಅನ್ನುತ್ತಲೇ ಇತ್ತು. ಅದನ್ನು ಕೇಳಿ ನನ್ನ ಗಂಡ ಇವತ್ತು ಗೆದ್ದರು ಅಂದುಕೊಂಡೆ.

“ತೆಗೆದ್ರಾ?” ಅಂದಳು ಟೈಲರಕ್ಕ, ಬಿಕ್ಕುತ್ತಲೇ.

“ಫೋಟೋ ತುಂಬಾ ಭಾವ!” ಅಂದರು ಇವರು.

ಮನೆಗೆ ಬಂದೆವು. ಅಜ್ಜಿಯ ಕೋಣೆಯಲ್ಲಿ ಮಂಚದ ಸುತ್ತ ಎಲ್ಲರೂ ನಿಂತೆವು. ದೊಡ್ಡಕ್ಕ ಅಮ್ಮನ ಕಾಲ ಬಳಿ ಕೂತಳು. ಭಾವ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತರು. ಮೀಸೆ ಎಂದೋ ಬೋಳಿಸಿಯಾಗಿತ್ತು, ದಪ್ಪ ಕನ್ನಡಕ ಬಂದಿತ್ತು. ಲಿಫ್ಟುಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ದಾರಿಯುದ್ದಕ್ಕೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಅಜ್ಜಿ ಮಗಳ ಕೆನ್ನೆ ಸವರಿದರು, ಆದರೆ ಕರಗಲಿಲ್ಲ. “ಅಳೋದು ಆಮೇಲೆ. ಫೋಟೋ ಎಲ್ಲಿ?”

ಇವರು ಎದೆಯುಬ್ಬಿಸಿ ಕ್ಯಾಮೆರಾದ ಹಿಂದಿನ ಪರದೆಯನ್ನು ಬೆಳಗಿಸಿ ಹಿಡಿದರು. ಟೈಲರಕ್ಕ ಬಗ್ಗಿ ನೋಡಿದಳು. ಮುಂದಿನದು ಒತ್ತಿದಳು. ಮತ್ತೆ ಮುಂದಿನದು. ಅವಳ ಮುಖ ಸಪ್ಪಗಾಗುತ್ತಾ ಹೋಯಿತು.

“ಇದೇನ್ರೀ... ಬರೀ ಭಾವನೇ ಇದಾರಲ್ಲ?”

“ನಲವತ್ತಮೂರು,” ಅಂದರು ಇವರು. “ಒಂದಕ್ಕಿಂತ ಒಂದು ಚೆನ್ನಾಗಿದೆ. ‘ಕಿವಿ ಕಾಣ್ಲಿ’ ಅಂತ ಎಷ್ಟು ಹೇಳಿದ್ರೂ ಪಾಪ ಅವರಿಗೆ ಕೇಳಿಸ್ತಾನೇ ಇರಲಿಲ್ಲ, ಅದೊಂದು ಕೊರತೆ.”

“ನಾವಿಬ್ಬರು ಎಲ್ಲಿ?”

“ನೀವು ನನ್ನ ಬೆನ್ನ ಹಿಂದೆ ಇದ್ರಿ.”

“ಬೆನ್ನ ಹಿಂದೆ?!”

“ನೀವೇ ಹೇಳಿದ್ರಲ್ಲ? ನಮ್ಮ ಮುಖ ಬರದಿದ್ರೂ ಚಿಂತೆ ಇಲ್ಲ, ಭಾವ ಬರಬೇಕು. ಫೋಟೋ ತುಂಬಾ ಭಾವ ಇರಬೇಕು. ಬಂದ ತಕ್ಷಣ ಹಿಡಿದುಬಿಡಿ.”

ನನಗೆ ಆಗ ಹೊಳೆಯಿತು. ‘ಭೂಮಿ ಬಾಯಿ ಬಿಡಬಾರದೇ’ ಅನ್ನಿಸಿತು. ಬೀದಿಯಲ್ಲಿ ನಿಂತವರನ್ನು ಒಳಗೆ ಕರೆದವಳು, ಒಂದೇ ಒಂದು ಕೆಲಸ ಕೇಳಿದ್ದಳು. ಟೈಲರಕ್ಕ ಬೈಯಲೂ ಇಲ್ಲ. ಮೊದಲ ಫೋಟೋಗೆ ಹಿಂದಿರುಗಿ ಮತ್ತೆ ಒಂದೊಂದೇ ಒತ್ತತೊಡಗಿದಳು. ಇವರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ತಾನು ಏನು ಮಾಡಿದೆ ಅನ್ನುವುದು ಮೆಲ್ಲಮೆಲ್ಲಗೆ ಅವರಿಗೂ ತಿಳಿಯಿತು. “ಅಂದ್ರೆ... ಆ ಭಾವ ಅಲ್ವಾ?” ಅಂದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

“ಇಲ್ಲಿ ಕೊಡು ಅದನ್ನ,” ಅಂದರು ಅಜ್ಜಿ. “ನನ್ನ ಕನ್ನಡಕ ತಾ.”

ಒಂದೊಂದಾಗಿ ನೋಡುತ್ತಾ ಹೋದರು. ಯಾರನ್ನೂ ಅವಸರ ಮಾಡಲು ಬಿಡಲಿಲ್ಲ. ನಾನು ಅವರ ಭುಜದ ಮೇಲಿಂದ ನೋಡುತ್ತಿದ್ದೆ. ಮೊದಲ ಫೋಟೋಗಳಲ್ಲಿ ಭಾವ ಬಿಳಿ ಪರದೆಯ ಮುಂದೆ ಕಂಬದ ಹಾಗೆ ನಿಂತಿದ್ದರು. ಹತ್ತನೆಯದರಲ್ಲಿ ಕೆಳತುಟಿ ಒಂಚೂರು ಓರೆಯಾಗಿತ್ತು. ಇಪ್ಪತ್ತರ ಹೊತ್ತಿಗೆ ಕನ್ನಡಕ ಕೈಗೆ ಬಂದಿತ್ತು. ಮೂವತ್ತೈದನೆಯದರಲ್ಲಿ ಮೂಗು ಕೆಂಪಾಗಿ, ಬಾಯಿ ತೆರೆದು, ಅಷ್ಟು ದೊಡ್ಡ ಮನುಷ್ಯ ಮಗುವಿನ ಹಾಗೆ ಅಳುತ್ತಿದ್ದರು. ಕೊನೆಯದರಲ್ಲಿ ಅಳುತ್ತಲೇ ನಗುತ್ತಿದ್ದರು.

ಅಜ್ಜಿ ತಲೆಯೆತ್ತಿದರು. “ಅಳಿಯಂದ್ರೇ, ಯಾಕೆ ಅತ್ರಿ?”

ಭಾವ ಗೋಡೆಗೆ ಇನ್ನಷ್ಟು ಒತ್ತಿಕೊಂಡರು. “ಏನಿಲ್ಲ ಅತ್ತೆ.”

“ನಿಮ್ಮ ಮದುವೇಲಿ ನೀವು ನಗಲಿಲ್ಲ. ನಿಮ್ಮಪ್ಪ ಹೋದಾಗ ಅಳಲಿಲ್ಲ. ನನಗೆ ನೆನಪಿದೆ. ಇವತ್ತೇನಾಯ್ತು?”

ಆ ಮನುಷ್ಯ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಪ್ರತಿ ಭಾನುವಾರ ಬೆಳಗ್ಗೆ ಇವಳು ತಂಗಿ ಅಂಗಡಿಗೆ ಫೋನ್ ಮಾಡ್ತಿದ್ಲು ಅತ್ತೆ. ಒಂದು ರಿಂಗ್ ಆದ ಕೂಡಲೇ ಇಟ್ಟುಬಿಡ್ತಿದ್ಲು. ಆಮೇಲೆ ದಿನವೆಲ್ಲಾ ಮಾತಿಲ್ಲ. ಹತ್ತೊಂಬತ್ತು ವರ್ಷ ನೋಡಿದೆ. ಇವತ್ತು ಅವರಿಬ್ಬರು ನೆಲದ ಮೇಲೆ ಕೂತಿದ್ದು ನೋಡಿ... ಇನ್ನು ಭಾನುವಾರ ಅಂದ್ರೆ ಹೆದರಿಕೆ ಇಲ್ಲ ಅನ್ನಿಸ್ತು.”

ಟೈಲರಕ್ಕ ದೊಡ್ಡಕ್ಕನ ಕಡೆ ತಿರುಗಿದಳು. “ಅದು ನೀನಾ? ಒಂದು ರಿಂಗು? ಲೈನು ಕೆಟ್ಟಿದೆ ಅಂತ ನಾನು ಟೆಲಿಫೋನಿನವರಿಗೆ ಮೂರು ಸಲ ಕಂಪ್ಲೇಂಟ್ ಕೊಟ್ಟಿದೀನಲ್ಲೇ!”

“ಎತ್ತೋಕೇನಾಗಿತ್ತು ನಿನಗೆ?”

“ಒಂದು ರಿಂಗಿಗೆ ಯಾರೇ ಎತ್ತೋಕಾಗುತ್ತೆ? ಬಾಯಲ್ಲಿ ಪಿನ್ನು, ಕೈಯಲ್ಲಿ ಬಟ್ಟೆ!”

ಅಜ್ಜಿ ಅವರಿಬ್ಬರನ್ನು ಗಮನಿಸಲಿಲ್ಲ. ನಮ್ಮ ಯಜಮಾನರನ್ನು ಹತ್ತಿರ ಕರೆದರು. ಇವರು ತಲೆ ತಗ್ಗಿಸಿಕೊಂಡು ಹೋದರು. ಅಜ್ಜಿ ತಮ್ಮ ಎರಡೂ ಕೈಯಿಂದ ಇವರ ಕೈ ಹಿಡಿದುಕೊಂಡರು.

“ನೀನು ಇವರಿಬ್ಬರ ಫೋಟೋ ತಂದಿದ್ರೆ ನಾನು ನಂಬ್ತಿರಲಿಲ್ಲಪ್ಪಾ. ಕ್ಯಾಮೆರಾ ಕಂಡು ಪೋಸು ಕೊಟ್ಟಿದಾರೆ ಅಂತಿದ್ದೆ. ಈ ಅಳಿಯಂದ್ರಿಗೆ ಸುಳ್ಳು ನಗೋಕೂ ಬರಲ್ಲ, ಸುಳ್ಳು ಅಳೋಕೂ ಬರಲ್ಲ. ಇವರು ಅತ್ತಿದಾರೆ ಅಂದ್ರೆ ಆಗಿದ್ದು ನಿಜ. ನನ್ನ ಕಣ್ಣು ಮುಚ್ಚೋದ್ರೊಳಗೆ ತೋರಿಸಿದೆ. ನೂರು ವರ್ಷ ಚೆನ್ನಾಗಿ ಬಾಳು.” ಆಮೇಲೆ ನನ್ನ ಕಡೆ ನೋಡಿ, “ಡಾಕ್ಟರಿಗೆ ಹೇಳಮ್ಮ. ನಾಳೆ ಬೇಕಾದ್ರೂ ಬರ್ತೀನಿ,” ಅಂದರು.

ನಾನು ಅತ್ತೆ. ಯಾಕೆ ಸುಳ್ಳು ಹೇಳಲಿ, ಗೊಳೋ ಅಂತ ಅತ್ತೆ. ಟೈಲರಕ್ಕ ಬಂದು ಇವರ ಮುಂದೆ ನಿಂತು ಬೈಯಲು ಬಾಯಿ ತೆರೆದಳು, ಆಗಲಿಲ್ಲ. ಇವರ ಕೆನ್ನೆಗೆ ಮೆಲ್ಲಗೆ ಒಂದು ತಟ್ಟಿದಳು. ಆ ಏಟಿಗೆ, ಆ ಮನೆಗೆ, ದಡ್ಡನಾದರೂ ಒಳ್ಳೆಯವನಾದ ಈ ಗಂಡನಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಸ್ವಲ್ಪ ಹೊತ್ತಿಗೆ ಅಕ್ಕತಂಗಿಯರು ನಡುಮನೆಗೆ ಹೋದರು. ಐದು ನಿಮಿಷ ಆಗಿಲ್ಲ, ಜಗಳ.

“ಆಸ್ಪತ್ರೇಲಿ ಅಮ್ಮನ ಹತ್ರ ನಾನಿರ್ತೀನಿ.”

“ನೀನ್ಯಾಕೆ? ಇಷ್ಟು ವರ್ಷ ನೋಡಿಕೊಂಡೋಳು ನಾನು, ನಾನಿರ್ತೀನಿ.”

“ಇಷ್ಟು ವರ್ಷ ನೀನಿದ್ದೆಯಲ್ಲ, ಇನ್ನಾದ್ರೂ ನನಗೆ ಬಿಡೇ!”

“ಬರಬೇಡ ಅಂದ್ರೆ ನಿಜವಾಗಲೂ ಬರದೇ ಇರೋದಾ ನೀನು?”

“ಬಾ ಅಂತ ಒಂದು ಮಾತು ಹೇಳೋಕೇನು ರೋಗ ಬಂದಿತ್ತು ನಿನಗೆ?”

ದನಿ ಏರುತ್ತಲೇ ಹೋಯಿತು. ನಮ್ಮ ಯಜಮಾನರು ಗಾಬರಿಯಾದರು. ಈಗಷ್ಟೇ ಒಪ್ಪಿದ ಅಜ್ಜಿ ಇದನ್ನು ಕೇಳಿ ಮನಸ್ಸು ಬದಲಾಯಿಸಿಬಿಟ್ಟರೆ? ತುದಿಗಾಲಲ್ಲಿ ನಡೆದುಕೊಂಡು ಹೋಗಿ, ಸದ್ದಾಗದ ಹಾಗೆ ಕೋಣೆಯ ಬಾಗಿಲು ಮುಚ್ಚತೊಡಗಿದರು.

“ಹಾಕಬೇಡಪ್ಪಾ ಬಾಗಿಲು,” ಅಂದರು ಅಜ್ಜಿ, ಕಣ್ಣು ಮುಚ್ಚಿಕೊಂಡೇ. “ನನ್ನನ್ನ ಮಧ್ಯ ಎಳೀದೆ ಜಗಳ ಆಡ್ತಾ ಇದಾರೆ. ಕೇಳಿಸ್ಲಿ ಬಿಡು.”